ಹೂಂಗುಟ್ಟಿದ ಕೈ

ಕಳಕಪ್ಪನ ಕೈ ಮೊದಲು ಮರೆತದ್ದು ಅಂಗಿಯ ಗುಂಡಿಯನ್ನು. ಬೆರಳು ಇದ್ದಲ್ಲೇ ಇರುತ್ತಿತ್ತು, ಗುಂಡಿಯೂ ಇದ್ದಲ್ಲೇ ಇರುತ್ತಿತ್ತು. ಎರಡರ ನಡುವಿನ ಮಾತು ಮಾತ್ರ ನಿಂತುಹೋಗಿತ್ತು. ಆಮೇಲೆ ಚಹಾದ ಬಟ್ಟಲಿನ ಬಿಸಿ ಹೋಯಿತು. ಕಿಸೆಯೊಳಗಿನ ಕೀಲಿಗೂ ಎಲೆಯಡಿಕೆಯ ಚೀಲಕ್ಕೂ ಇದ್ದ ವ್ಯತ್ಯಾಸ ಹೋಯಿತು. ಇದೆಲ್ಲ ಹೋಗುವಾಗ ಅವನು ಸುಮ್ಮನಿದ್ದ. ಕೊನೆಗೆ ಸೆರಗಿನ ಎಳೆ ಹೋಯಿತು. ಆಗಲೂ ಸುಮ್ಮನೇ ಇದ್ದ. ಆದರೆ ಆ ಸುಮ್ಮನಿರುವಿಕೆ ಬೇರೆ ಥರದ್ದು ಎಂದು ಹೆಂಡತಿ ಪಾರವ್ವ ಒಂದೇ ನೋಟಕ್ಕೆ ಗುರುತಿಸಿದಳು.

ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ನೇಯಲು ಕೂರುವ ಮೊದಲು ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ರೇಷ್ಮೆ ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಕೂಡಿಸಿದ್ದು ಕಣ್ಣಿಗೆ ಕಾಣಬಾರದು, ಕೈಗೂ ತಾಕಬಾರದು. ಆ ಮನೆಯಲ್ಲಿ ಅದು ಇಬ್ಬರ ಕೆಲಸ. ಪಾರವ್ವ ಎಳೆ ಆರಿಸಿ ಕೊಡುವವಳು, ಎದುರಿಗೆ ಕುಳಿತು ಕುಣಿಕೆಗೆ ತೂರಿಸಿ ತೆಗೆದುಕೊಳ್ಳುವವನು ಕಳಕಪ್ಪ. ಮದುವೆಯಾದ ಹೊಸತರಲ್ಲಿ ಅತ್ತೆ, ಮಾವ, ಇಬ್ಬರು ನಾದಿನಿಯರು ಎಲ್ಲರೂ ಒಂದೇ ಪಡಸಾಲೆಯಲ್ಲಿ ಇರುತ್ತಿದ್ದರು. ಅವರೆಲ್ಲರ ಎದುರು ಗಂಡ ಹೆಂಡತಿ ಮಾತಾಡುವುದು ಹೇಗೆ? ಇಬ್ಬರೂ ಎಳೆಯಲ್ಲೇ ಮಾತಾಡಲು ಕಲಿತರು. ಅವಳು ಒಮ್ಮೆ ಮೆಲ್ಲಗೆ ಜಗ್ಗಿದರೆ ‘ತಗೋರಿ’ ಎಂದು. ಅವನು ಒಮ್ಮೆ ಜಗ್ಗಿದರೆ ‘ಬಂತು’ ಎಂದು. ಅವನು ಎರಡು ಸಲ ಜಗ್ಗಿದರೆ ‘ಚಾ ಇಡು’ ಎಂದು. ಅವಳು ಮೂರು ಸಲ ಜಗ್ಗಿದ್ದು ಅಪರೂಪ. ಅದರ ಅರ್ಥವನ್ನು ಇಬ್ಬರೂ ಈವರೆಗೆ ಯಾರಿಗೂ ಹೇಳಿಲ್ಲ.

ಅತ್ತೆ ಮಾವ ತೀರಿಕೊಂಡರು, ನಾದಿನಿಯರು ಗಂಡನ ಮನೆಗೆ ಹೋದರು. ಈಗ ಬೇಕಾದಷ್ಟು ಮಾತಾಡಬಹುದಿತ್ತು. ಆದರೆ ಆ ಹೊತ್ತಿಗೆ ಇಬ್ಬರಿಗೂ ಬಾಯಿಮಾತಿನ ಅಗತ್ಯ ಅಷ್ಟಾಗಿ ಉಳಿದಿರಲಿಲ್ಲ.

ನೇಕಾರರ ಮನೆಯ ಮಗ ಕಲ್ಲಿನ ಕ್ವಾರಿಗೆ ಹೋದದ್ದು ಊರಿಗೇನೂ ಹೊಸದಲ್ಲ. ಹಗಲು ಕೆಂಪು ಕಲ್ಲು, ಸಂಜೆ ಮಗ್ಗ. ಮೀಸೆ ಕಪ್ಪಿದ್ದಾಗ ಹಿಡಿದ ಡ್ರಿಲ್ ಮಷಿನ್ನನ್ನು ಮೀಸೆ ನೆರೆಯುವ ತನಕ ಕಳಕಪ್ಪ ಹಿಡಿದೇ ಇದ್ದ. ಅಷ್ಟರಲ್ಲಿ ದೊಡ್ಡ ಬಂಡೆಯನ್ನು ಬೆಣ್ಣೆಯಂತೆ ಕೊಯ್ಯುವ, ಮನುಷ್ಯರೇ ಬೇಡದ ಯಂತ್ರಗಳು ಬಂದವು. ಆದರೂ ಬಂಡೆಯ ಅಂಚಿನಲ್ಲಿ, ಯಂತ್ರ ನಿಲ್ಲಲು ಜಾಗವಿಲ್ಲದ ಕಡೆ, ತೂತು ಹೊಡೆಯಲು ಕೈಯೇ ಬೇಕಾಗುತ್ತಿತ್ತು. ಮಷಿನ್ ನಿಂತ ಮೇಲೂ ಕೈ ಬಹಳ ಹೊತ್ತು ನಡುಗುತ್ತಿತ್ತು. ಆಮೇಲೆ ನಡುಕ ನಿಲ್ಲುತ್ತಿತ್ತು, ಜೋಮು ಬರುತ್ತಿತ್ತು. ಒಂದು ವರ್ಷದಿಂದ ಈಚೆಗೆ ಜೋಮು ಬಂದದ್ದು ಹೋಗಲೇ ಇಲ್ಲ.

ದವಾಖಾನೆಯಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಬೆರಳು ಬೆಳ್ಳಗಾಗ್ತಾವೇನು?” ಚಳಿ ದೇಶಗಳಲ್ಲಿ ಇಂಥ ಕೆಲಸಗಾರರ ಬೆರಳು ತಣ್ಣನೆಯ ಗಾಳಿಗೆ ಸುಣ್ಣದ ಕಡ್ಡಿಯಂತೆ ಆಗುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಇಳಕಲ್ಲಿನ ಬಿಸಿಲಿನಲ್ಲಿ ಬೆರಳು ಯಾಕೆ ಬೆಳ್ಳಗಾದೀತು? ಅಲ್ಲಿ ನರ ಯಾವ ಗುರುತೂ ಕೊಡದೆ ಒಳಗೊಳಗೇ ಸೊರಗುತ್ತಿತ್ತು.

“ಇಲ್ರಿ,” ಎನ್ನುತ್ತಿದ್ದ ಕಳಕಪ್ಪ.

“ನೋವು?”

“ಇಲ್ರಿ. ಜೋಮು.”

“ಜೋಮು ಯಾರಿಗೆ ಹಿಡಿಯೂದಿಲ್ಲಪಾ? ಕೈ ಝಾಡಿಸು, ಹೋಗ್ತೈತಿ.”

ಅವನು ಕೈ ಝಾಡಿಸಿಕೊಂಡು ಮನೆಗೆ ಬರುತ್ತಿದ್ದ. ಮನೆಯಲ್ಲಿ ಅವನ ಜಾಗದಲ್ಲಿ, ಪಾರವ್ವನ ಎದುರಿಗೆ, ಪಕ್ಕದ ಮನೆಯ ಗೌರವ್ವ ಕುಳಿತು ಸೆರಗು ಕೂಡಿಸುತ್ತಿರುತ್ತಿದ್ದಳು. ಗೌರವ್ವ ಒಳ್ಳೆಯವಳೇ. ಊರ ಸುದ್ದಿಯನ್ನೆಲ್ಲ ಎಳೆಯ ಜೊತೆ ಪೋಣಿಸುತ್ತಿದ್ದಳು. ಕಳಕಪ್ಪ ಚಪ್ಪಲಿ ಬಿಟ್ಟು, ಅವರಿಬ್ಬರ ಪಕ್ಕದಿಂದ ಹಾದು ಹಿತ್ತಲಿಗೆ ಹೋಗಿ ಕೂರುತ್ತಿದ್ದ. ಹಿತ್ತಲಿನಿಂದ ನೋಡಿದರೆ ಮಗ್ಗದ ಎದುರಿನ ಆ ಮೊಳದಷ್ಟು ಜಾಗ ಪರವೂರಿನಷ್ಟು ದೂರ ಕಾಣುತ್ತಿತ್ತು. ಅವನಿಗೆ ಬೇಕಾದದ್ದು ಅದೊಂದೇ ಜಾಗ. ಯಾರ ಹತ್ತಿರ ಕೇಳಬೇಕೆಂದು ಮಾತ್ರ ತಿಳಿದಿರಲಿಲ್ಲ.

*

ಕಂಕಣ ಬಂದದ್ದು ಆಗ.

ಸರಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಮಣಿಕಟ್ಟಿಗೆ ಕಟ್ಟುವ, ಎರಡು ಬೆರಳಗಲದ ಬೂದುಬಣ್ಣದ ಪಟ್ಟಿ. ರಸ್ತೆ ಅಗೆಯುವವರು, ಗರಗಸದ ಮಷಿನ್ನಿನಲ್ಲಿ ಮರ ಕೊಯ್ಯುವವರು, ಹುಲ್ಲು ಹೆರೆಯುವ ಮಷಿನ್ನನ್ನು ಹೆಗಲಿಗೆ ಹಾಕಿಕೊಂಡವರು, ಕ್ವಾರಿಯವರು, ಒಟ್ಟಿನಲ್ಲಿ ಬಯಲಲ್ಲಿ ನಿಂತು ನಡುಗುವ ಮಷಿನ್ ಹಿಡಿಯುವವರಿಗೆಲ್ಲ ಪರೀಕ್ಷೆ ಮಾಡಿ ಕೊಡುವ ಯೋಜನೆ. ಮದುವೆಯಲ್ಲಿ ಕಂಕಣ ಕಟ್ಟಿದ ಮದುಮಗ ಅದನ್ನು ಬಿಚ್ಚುವ ತನಕ ಊರ ಗಡಿ ದಾಟುವಂತಿಲ್ಲವಲ್ಲ, ಇದಕ್ಕೂ ಅಂಥದೇ ಒಂದು ಕಟ್ಟಳೆ ಇತ್ತು: ಪಟ್ಟಿ ಕಟ್ಟಿಸಿಕೊಂಡವನು ಅದು ಕೈಯಲ್ಲಿರುವ ತನಕ ಮಷಿನ್ ಮುಟ್ಟುವಂತಿಲ್ಲ, ಕ್ವಾರಿಯವರು ಅವನಿಗೆ ಬೇರೆ ಕೆಲಸ ಕೊಡಬೇಕು. ಹಾಗಾಗಿ ಜನ ಅದನ್ನು ಕಂಕಣ ಎಂದೇ ಕರೆದರು.

ಪ್ರಯೋಗಾಲಯ ಹೆದ್ದಾರಿಯಿಂದ ಒಳಕ್ಕೆ, ಜೋಳದ ಹೊಲಗಳ ನಡುವೆ ಇತ್ತು. ಅಲ್ಲಿ ಪರೀಕ್ಷೆ ಮಾಡುತ್ತಿದ್ದವಳು ಡಾಕ್ಟರ್ ತೈಬಾ ಬಾಗವಾನ. ವಿಜಯಪುರದ ಹಣ್ಣಿನ ವ್ಯಾಪಾರಿಗಳ ಮನೆಯ ಹುಡುಗಿ. ಕಳಕಪ್ಪನ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಹೇಳಿದಳು:

“ಕಾಕಾ, ನಿಮ್ಮ ಬೆರಳಿನ ನರ ಪೂರಾ ಸತ್ತಿಲ್ಲ. ಸುದ್ದಿ ಕಳಸ್ತಾವ. ಆದ್ರ ದನಿ ಭಾಳ ಸಣ್ಣದು, ಹೊಸ್ತಿಲಾ ದಾಟಿ ಒಳಗ ಬರೂದಿಲ್ಲ. ಈ ಪಟ್ಟಿ ಒಂದು ಸಣ್ಣ ನಡುಕ ಕೊಡ್ತೈತಿ. ಅದು ನಿಮಗ ಗೊತ್ತೂ ಆಗೂದಿಲ್ಲ. ಆದ್ರ ಆ ನಡುಕದ ಮ್ಯಾಲೆ ಹತ್ತಿ ನರದ ಸುದ್ದಿ ಹೊಸ್ತಿಲಾ ದಾಟ್ತೈತಿ. ತಿಳೀತೇನ್ರಿ?”

“ಹೂಂ,” ಎಂದ ಕಳಕಪ್ಪ.

“ನಡುಕ ಕಡಿಮಿ ಆದ್ರ ಉಪಯೋಗಿಲ್ಲ. ಹೆಚ್ಚಾದ್ರ ಸುದ್ದಿ ಅದರಾಗ ಮುಳುಗಿಹೋಗ್ತೈತಿ. ಅದಕ್ಕ ನಿಮ್ಮ ಹೊಸ್ತಿಲಾ ಎಷ್ಟು ಎತ್ತರ ಐತಿ ಅಂತ ಮೊದಲು ಅಳೀಬೇಕು.”

“ಹೂಂ.”

ಅಳೆಯುವ ಕೋಣೆಗೆ ಎರಡು ಬಾಗಿಲುಗಳಿದ್ದವು. ಎರಡನೆಯದು ಮುಚ್ಚಿದಾಗ ಕಳಕಪ್ಪನಿಗೆ ಕಿವಿಯೊಳಗೆ ಅರಳೆ ತುರುಕಿದಂತಾಯಿತು. ಗೋಡೆಗಳಿಗೆ ದಪ್ಪನೆಯ ಮೆತ್ತೆ. ನೆಲ ಕೂಡ ಸ್ಪ್ರಿಂಗಿನ ಮೇಲೆ ನಿಂತಿತ್ತು. ಮುಂದಿನ ಹಲಗೆಯಲ್ಲಿ ಒಂದು ರಂಧ್ರ, ಅದರ ಮೇಲೆ ತೋರುಬೆರಳು. ಕೆಳಗಿನಿಂದ ಸೂಜಿಯಂಥ ಕಡ್ಡಿಯೊಂದು ಮೇಲೆದ್ದು ಬೆರಳ ತುದಿಯನ್ನು ನಡುಗಿಸುವುದಂತೆ. ಪ್ರತಿ ಸಲವೂ ಗೋಡೆಯೊಳಗಿನಿಂದ ಒಂದು ಹೆಣ್ಣುದನಿ ಕೇಳುತ್ತಿತ್ತು:

“ಗೊತ್ತಾಯಿತೇ?”

ಆಮೇಲೆ ಮೌನ. ಇಂಥ ಮೌನವನ್ನು ಅವನು ಕಂಡಿರಲಿಲ್ಲ. ಕ್ವಾರಿಯಲ್ಲಿ ಮಷಿನ್ನು ನಿಂತರೂ ಗಾಳಿ ಇರುತ್ತದೆ, ಹದ್ದು ಇರುತ್ತದೆ. ಮನೆಯಲ್ಲಿ ಲಾಳಿ ನಿಂತರೂ ಒಲೆ ಇರುತ್ತದೆ, ಪಾರವ್ವನ ಉಸಿರು ಇರುತ್ತದೆ. ಇಲ್ಲಿ ಏನೂ ಇರಲಿಲ್ಲ. ತನ್ನ ರಕ್ತ ಕತ್ತಿನೊಳಗೆ ಓಡಾಡುವುದು ಅವನಿಗೆ ಕೇಳಿಸಿತು. ಗೋಡೆಯೊಳಗಿನ ಆ ಹುಡುಗಿ ಪಾಪ, ಇಲ್ಲೇ ದಿನವಿಡೀ ಇರುತ್ತಾಳೇನೋ ಎನಿಸಿತು.

“ಹೂಂ,” ಎಂದ.

“ಗೊತ್ತಾಯಿತೇ?”

“ಹೂಂ.”

“ಗೊತ್ತಾಯಿತೇ?”

“ಹೂಂ ಯವ್ವಾ.”

ಹೊರಗೆ ಬಂದಾಗ ತೈಬಾಳ ಮುಖದಲ್ಲಿ ಬೆರಗಿತ್ತು. ಪರದೆಯನ್ನು ಅವನ ಕಡೆ ತಿರುಗಿಸಿದಳು, ಅವನಿಗೆ ತಿಳಿಯುತ್ತದೆ ಎಂಬಂತೆ.

“ಕಾಕಾ, ನಿಮ್ಮ ಕೈ ನನ್ನ ಕೈಗಿಂತ ಚಲೋ ಐತಿ! ನಡುನಡುವ ನಾವು ಕಡ್ಡಿನ ಎಬ್ಬಿಸೂದಿಲ್ಲ, ಖಾಲಿ ಕೇಳ್ತೀವಿ. ಅವಾಗ್ಲೂ ನಿಮಗ ಗೊತ್ತಾಗೇತಿ.”

“ಹೂಂ.”

“ನಿಮಗಷ್ಟ ಅಲ್ಲ. ಕ್ವಾರಿಯಿಂದ ಬಂದ ಭಾಳ ಮಂದಿಗೆ ಹಿಂಗ ಆಗೇತಿ. ಹೆದ್ದಾರಿ ಮ್ಯಾಲಿನ ಲಾರಿ ನಡುಕ ನೆಲದಾಗ ಬಂದು ನಿಮ್ಮ ಬೆರಳಿಗೆ ತಾಕ್ತೈತಿ ಅಂತ ಯಂತ್ರ ಮಾಡಿದವರು ಹೇಳಿದ್ರು. ಅದಕ್ಕ ಇನ್ನೊಂದು ಗ್ವಾಡಿ ಕಟ್ಟಿಸಿದ್ವಿ. ನೆಲಕ್ಕ ಸ್ಪ್ರಿಂಗ್ ಹಾಕಿಸಿದ್ವಿ. ಕೋಣಿ ಎಷ್ಟು ಸೈಲೆಂಟ್ ಮಾಡಿದ್ವೋ ಅಷ್ಟು ಹೆಚ್ಚು ಗೊತ್ತಾಗಾಕತ್ತೈತಿ ನಿಮಗ! ಏನ್ ಕೈ ಇರಬೇಕ್ರಿ ಇವು!”

ಕಳಕಪ್ಪ ತನ್ನ ಕೈಗಳನ್ನು ನೋಡಿಕೊಂಡ. ಅವು ಅಷ್ಟು ಚಲೋ ಇದ್ದದ್ದು ಅವನಿಗೇ ತಿಳಿದಿರಲಿಲ್ಲ. ಓದಿದವಳು, ಯಂತ್ರ ಬೇರೆ ಹೇಳುತ್ತಿದೆ. ಇರಬಹುದು. ಪರೀಕ್ಷೆಗೆ ಬಂದವರಿಗೆಲ್ಲ ಕೆಲವು ದಿನ ಕಟ್ಟಿ ನೋಡಬೇಕೆಂಬ ನಿಯಮದಂತೆ, ಪಟ್ಟಿಯನ್ನು ತೀರ ಕೆಳಗಿನ ಅಳತೆಗೆ ಇಟ್ಟು ಅವನ ಕೈಗೆ ಕಟ್ಟಿದಳು. ಬರುವ ಗುರುವಾರ ಮನೆಗೇ ಬಂದು ನೋಡುತ್ತೇನೆ, ಏನೂ ತೊಂದರೆ ಇಲ್ಲದಿದ್ದರೆ ಪಟ್ಟಿ ಬಿಚ್ಚಿ ‘ಕೈ ಸರಿಯಿದೆ’ ಎಂದು ಬರೆದುಕೊಡುತ್ತೇನೆ, ಮತ್ತೆ ಕ್ವಾರಿಗೆ ಹೋಗಬಹುದು ಎಂದಳು.

“ಹೂಂ,” ಎಂದ ಕಳಕಪ್ಪ.

*

“ಮತ್ತ ಮದಿವಿ ಆದೇನೋ ಕಳಕ್ಯಾ? ಕಂಕಣ ಕಟ್ಕೊಂಡು ಕುಂತೀದಿ!”

ಬಾಗಿಲಲ್ಲಿ ನಿಂತವನು ದಾವಲಸಾಬ. ಕ್ವಾರಿಯಲ್ಲಿ ಕಳಕಪ್ಪನ ಜೋಡಿಯಾಳು. ಒಬ್ಬ ಮಷಿನ್ ಹಿಡಿದರೆ ಇನ್ನೊಬ್ಬ ನೀರು ಬಿಡಬೇಕು, ದಣಿದಾಗ ಬದಲಾಗಬೇಕು. ಒಳಗೆ ಬಂದವನೇ ಗೋಡೆಗೆ ಒರಗಿ ಕುಳಿತ.

“ಹೆಣ್ಣು ಯಾರೋ?”

“ನಿಮ್ಮ ತಂಗೀನ ನೋಡೀನ್ರಿ,” ಎಂದಳು ಪಾರವ್ವ ಒಲೆಯ ಕಡೆಯಿಂದ. “ಬರ್ರಿ, ಅಕ್ಕಿಕಾಳು ಹಾಕಿ ಹೋಗ್ರಿ.”

ದಾವಲಸಾಬ ಗಹಗಹಿಸಿ ನಕ್ಕ. ಅವನನ್ನೂ ಪರೀಕ್ಷೆ ಮಾಡಿದ್ದರು, ಅವನ ಕೈಯೂ ಭಾಳ ಚಲೋ ಇತ್ತಂತೆ. ಅವನ ಕಂಕಣ ಬಿಚ್ಚಿಯಾಗಿತ್ತು. ಸೋಮವಾರದಿಂದ ಮಷಿನ್ ಹಿಡಿಯುವುದೇ. “ನೀನೂ ಬಾ. ಹೊಸ ಹುಡುಗ್ರ ಜೋಡಿ ಕೆಲಸ ಮಾಡಾಕ ನನಗ ಆಗೂದಿಲ್ಲ, ಸುಮ್ಮನ ಮಾತಾಡ್ತಾವ,” ಎಂದ.

ಪಾರವ್ವ ಸ್ಟೀಲಿನ ಲೋಟದಲ್ಲಿ ಚಹಾ ತಂದು ಇಟ್ಟಳು. ಆಗಷ್ಟೇ ಕುದಿದದ್ದು. ದಾವಲಸಾಬ ಲೋಟವನ್ನು ಪೂರ್ತಿ ಅಂಗೈಯಲ್ಲಿ ಹಿಡಿದುಕೊಂಡು, ಆ ಕಡೆ ಈ ಕಡೆಯ ಮಾತು ಹೇಳುತ್ತ, ತಣ್ಣೀರು ಹಿಡಿದವನಂತೆ ಕುಳಿತೇ ಇದ್ದ. ಪಾರವ್ವ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಹೋದ ಮೇಲೆ ಗಂಡನ ಎದುರು ಬಂದು ನಿಂತಳು.

“ಕೈ ಚಲೋ ಐತಂತೇನ್ರಿ ನಿಮ್ದು?”

“ಹಂಗಂದ್ರು.”

“ಮುಂಜಾನಿ ಅಂಗಿ ಗುಂಡಿ ಯಾರು ಹಾಕಿದ್ರು?”

“ನೀನ.”

“ಮತ್ತ?”

ಕಳಕಪ್ಪ ಕಂಕಣ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡ. ಆ ದಿನ ಸಂಜೆ ಅವನು ಕಂಕಣ ಕಟ್ಟಿದ ಕೈಯಿಂದಲೇ ಮಗ್ಗದ ಮೇಲಿನ ಒಂದು ಎಳೆಯನ್ನು ಹಿಡಿದು ನೋಡಿದ್ದ. ಎಳೆ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಬೆರಳಿನಲ್ಲಿ ಮಾತ್ರ ಇರಲಿಲ್ಲ. ಅದನ್ನು ಅವಳಿಗೆ ಹೇಳಬೇಕೆಂದುಕೊಂಡ. ಕ್ವಾರಿಯ ದಿನಗಳಲ್ಲಿ ಸದ್ದಿನ ನಡುವೆ ಯಾರೂ ಏನೂ ಹೇಳುವಂತಿರಲಿಲ್ಲ. ಹೇಳದೆ ಇರುವುದು ಅವನಿಗೆ ಜೋಮಿನಂತೆಯೇ ಹಿಡಿದುಕೊಂಡಿತ್ತು. ಯಂತ್ರ ಸರಿ ಎಂದಿದೆ. ಸರಿಯಿಲ್ಲದ್ದು ತನ್ನ ಬೆರಳೋ, ತಾನೋ ಎಂದು ಅವನಿಗೇ ಅನುಮಾನ. ಎದ್ದು ಹೋಗಿ ಹಿತ್ತಲಲ್ಲಿ ಕುಳಿತ.

*

ಗುರುವಾರ ತೈಬಾ ಬಂದಳು. ಗೌರವ್ವ ಯಾರದೋ ಸೀಮಂತಕ್ಕೆಂದು ಹುನಗುಂದಕ್ಕೆ ಹೋಗಿದ್ದಳು. ಕೂಡಿಸಬೇಕಾದ ಸೆರಗು ಅರ್ಧಕ್ಕೆ ನಿಂತು ಮಗ್ಗದ ಮೇಲೆ ತೂಗುತ್ತಿತ್ತು. ಪಾರವ್ವ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಅತಿಥಿಗೆ ಚಾಪೆ ಹಾಸಿ, ಉಂಡೇ ಹೋಗಬೇಕೆಂದು ಹೇಳಿ, ಮತ್ತೆ ಸಾಣಿಗೆ ಹಿಡಿದಳು.

ತೈಬಾ ಕಳಕಪ್ಪನ ಮಣಿಕಟ್ಟು ಹಿಡಿದು ಪಟ್ಟಿಯನ್ನು ನೋಡಿದಳು. “ಏನರೆ ತೊಂದರಿ ಐತೇನು ಕಾಕಾ?”

“ಏನಿಲ್ರಿ ಅಕ್ಕಾರ.”

“ಹಂಗಾರ ಬಿಚ್ಚಲೇನು?”

“ಹೂಂ.”

ಸಾಣಿಗೆ ನಿಂತಿತು. ಪಾರವ್ವ ಸಾಣಿಗೆಯನ್ನು ಮೊರದ ಮೇಲಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು:

“ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇವರ ಕೈ ಚಲೋ ಐತಿ ಅಂತ ನಿಮಗ ಯಾರು ಹೇಳಿದ್ರು?”

“ಅವರ ಹೇಳಿದ್ರು ಕಾಕಿ. ಪ್ರತಿ ಸಲ ‘ಗೊತ್ತಾಯಿತೇ’ ಅಂತ ಕೇಳ್ತೀವಿ. ಪ್ರತಿ ಸಲ ‘ಹೂಂ’ ಅಂದಾರ.”

ಪಾರವ್ವ ಗಂಡನ ಮುಖ ನೋಡಿದಳು. ಆಮೇಲೆ ತೈಬಾಳ ಮುಖ ನೋಡಿದಳು. ಅವಳ ತುಟಿಯಂಚಿನಲ್ಲಿ ಏನೋ ಕುಣಿಯತೊಡಗಿತ್ತು.

“ಏನ್ರಿ,” ಎಂದಳು ಗಂಡನಿಗೆ, ದಿನದ ದನಿಯಲ್ಲಿ, “ನಿನ್ನಿ ಗೌರವ್ವನ ಎಮ್ಮಿ ಹಗ್ಗ ಹರಕೊಂಡು ಹೋತಂತ.”

“ಹೂಂ,” ಎಂದ ಕಳಕಪ್ಪ, ಕಂಕಣವನ್ನೇ ನೋಡುತ್ತ.

“ಹೋಗಿ ಬಸ್‌ಸ್ಟ್ಯಾಂಡಿನಾಗ ನಿಂತಿತ್ತಂತ.”

“ಹೂಂ.”

“ಟಿಕೀಟು ತಗೊಂಡು ಕಿಟಕಿ ಬಾಜೂಕ ಕುಂತು ಬಾಗಲಕೋಟಿಗೆ ಹೋತಂತ.”

“ಹೂಂ.”

“ಅಲ್ಲಿ ಕಲೆಕ್ಟರ್ ಸಾಹೇಬ್ರ ಮನಿಯಾಗ ಚಾ ಕುಡೀತಂತ.”

“ಹೂಂ… ಆಂ? ಯಾವ ಎಮ್ಮಿ?”

ತೈಬಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳ ಸಂದಿನಿಂದ ಹೊರಗೆ ಬಂತು. ಪಾರವ್ವನೂ ನಕ್ಕಳು, ಹಿಟ್ಟಿನ ಧೂಳಿನಲ್ಲಿ ಕೆಮ್ಮು ಬರುವ ತನಕ ನಕ್ಕಳು. ಕಳಕಪ್ಪ ಮಾತ್ರ ತಪ್ಪು ಹುಡುಕುತ್ತಿರುವವನಂತೆ ಇಬ್ಬರನ್ನೂ ನೋಡಿದ.

“ಇವರು ಹೂಂ ಅಂದ್ರ ‘ಕೇಳಾಕತ್ತೀನಿ, ನೀ ಹೇಳು’ ಅಂತ ಅಷ್ಟ ನೋಡ್ರಿ,” ಎಂದಳು ಪಾರವ್ವ. “ಗೊತ್ತಾತು ಅಂತ ಅಲ್ಲ. ಗೊತ್ತಾದ್ರ ಇವರು ಮಾತ ಆಡೂದಿಲ್ಲ.”

ತೈಬಾಳ ನಗು ಮೆಲ್ಲಗೆ ಆರಿತು.

“ಕಾಕಾ, ಆ ಕೋಣಿಯಾಗ ನೀವು ಹೂಂ ಅಂದದ್ದು ಯಾಕ?”

ಕಳಕಪ್ಪ ಯೋಚಿಸಿದ. “ಒಳಗ ಭಾಳ ಬಿಕೋ ಅಂತಿತ್ರಿ. ಆ ಹುಡುಗಿ ಒಬ್ಬಾಕೀನ ಮಾತಾಡಾಕತ್ತಿದ್ಲು. ಹೂಂ ಅನ್ನಲಿಲ್ಲಂದ್ರ ಆಕಿಗೆ ಹೆಂಗ ಅನಿಸಬ್ಯಾಡ?”

“ನಮ್ಮ ದಾದಿಮಾ, ಅಪ್ಪನ ಅವ್ವ, ಕಥಿ ಹೇಳ್ತಿದ್ಲು,” ಎಂದಳು ತೈಬಾ, ಯಾರಿಗೋ ಎಂಬಂತೆ. “ಹೂಂ ಅನ್ನೂದು ನಿಲ್ಲಿಸಿದ್ರ ಕಥಿ ನಿಲ್ಲಿಸಿಬಿಡ್ತಿದ್ಲು. ನಿದ್ದಿಗಣ್ಣಾಗ, ಏನೂ ಕೇಳಿಸದನ, ಎಷ್ಟು ಹೂಂ ಅಂದೀನಿ ನಾನು. ಗೊತ್ತಿದ್ದೂ ಮರತ ಬಿಟ್ನೆಲ್ಲ. ಕೋಣಿ ಸೈಲೆಂಟ್ ಆದಂಗ ಇವರು ಹೆಚ್ಚು ಹೂಂ ಅಂದಾರ. ನಾವು ಗ್ವಾಡಿ ಮ್ಯಾಲೆ ಗ್ವಾಡಿ ಕಟ್ಟಿಸಿದ್ವಿ.”

ಅವಳು ಎದ್ದು ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡಿದಳು. ಬಿಚ್ಚಿದ ಕಂಕಣಗಳನ್ನೆಲ್ಲ ಮತ್ತೆ ಕಟ್ಟಬೇಕು, ಕರೆಸಿ ಬೇರೆ ರೀತಿ ನೋಡುವ ತನಕ ಯಾರೂ ಮಷಿನ್ ಮುಟ್ಟಬಾರದು, ಕ್ವಾರಿಗೆ ಇವತ್ತೇ ತಿಳಿಸಿ ಎಂದು ಅವಳು ಹೇಳುವುದು ಒಳಗೆ ಕೇಳಿಸಿತು. ದಾವಲಸಾಬನ ಹೆಸರನ್ನು ಎರಡು ಸಲ ಹೇಳಿದಳು. ಪಾರವ್ವ ನಿಟ್ಟುಸಿರು ಬಿಟ್ಟು ಮತ್ತೆ ಸಾಣಿಗೆ ಹಿಡಿದಳು.

“ಬೇರೆ ರೀತಿ ಅಂದ್ರ ಹೆಂಗ ಅಂತ ನನಗ ಇನ್ನೂ ತಿಳಿದಿಲ್ಲ,” ಎಂದಳು ತೈಬಾ ಒಳಗೆ ಬಂದು. “ಬಾಯಿಲೆ ಕೇಳಿದ್ರ ಹೂಂ ಅಂತಾರ. ಕಣ್ಣಿಗೆ ಕಂಡ್ರ ಕಣ್ಣ ಹೇಳ್ತೈತಿ, ಕೈ ಹೇಳೂದಿಲ್ಲ.” ಆಗ ಅವಳ ನೋಟ ಪಾರವ್ವನ ಬೆರಳಿಗೆ ಹೋಯಿತು. ಸಾಣಿಗೆಯಲ್ಲಿ ಹಿಟ್ಟು ನಿಂತಾಗಲೆಲ್ಲ ಪಾರವ್ವ ಬೆರಳ ತುದಿಯಿಂದ ಅದರ ಅಂಚಿಗೆ ಟಪ್ಪೆಂದು ತಟ್ಟುತ್ತಿದ್ದಳು. ನಿಂತ ಹಿಟ್ಟು ಸರಕ್ಕನೆ ಇಳಿಯುತ್ತಿತ್ತು. “ಇದ ನೋಡ್ರಿ ಕಾಕಾ, ನಾನು ಅವತ್ತು ಹೇಳಿದ್ದು! ಹಿಟ್ಟು ಅಂದ್ರ ನರದ ಸುದ್ದಿ. ತಾನಾಗಿ ಇಳಿಯೂದಿಲ್ಲ. ಹಿಂಗ ತಟ್ಟಿದ್ರ ಇಳೀತೈತಿ. ಈ ಪಟ್ಟಿ ತಟ್ಟೂ ಬೆರಳು.”

ಕಳಕಪ್ಪ ಹೂಂ ಎನ್ನಲಿಲ್ಲ. ಸಾಣಿಗೆಯನ್ನೇ ನೋಡಿದ. “ನಡುಗಿ ಹೋದ ಕೈಗೆ ನಡುಕಾನ ಔಷಧ ಅಂತೀರಿ,” ಎಂದ ಮೆಲ್ಲಗೆ.

“ಮುಳ್ಳಿನಿಂದ ಮುಳ್ಳು ತಗದಂಗ.”

“ಮೆತ್ತಗ ತಟ್ಟಿದ್ರ ಹಿಟ್ಟು ಬೀಳೂದಿಲ್ಲ, ಜೋರಾಗಿ ತಟ್ಟಿದ್ರ ತೌಡೂ ಬೀಳ್ತೈತಿ,” ಎಂದಳು ಪಾರವ್ವ. “ಎಷ್ಟು ತಟ್ಟಬೇಕು ಅಂತ ನೋಡಬೇಕು, ಅಷ್ಟ ಹೌದಿಲ್ಲ? ಅದಕ್ಯಾಕ ಮಾತು?” ಅವಳ ಕಣ್ಣು ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೆರಗಿನ ಕಡೆ ಹೋಯಿತು. ಒಂದು ಕ್ಷಣ ಅಲ್ಲೇ ನಿಂತಿತು. “ಏಳ್ರಿ,” ಎಂದಳು ಗಂಡನಿಗೆ.

*

ಎಷ್ಟೋ ದಿನಗಳ ಮೇಲೆ ಕಳಕಪ್ಪ ತನ್ನ ಜಾಗದಲ್ಲಿ ಕುಳಿತ. ಗೌರವ್ವ ಹಾಸಿಕೊಂಡಿದ್ದ ಗೋಣಿತಟ್ಟನ್ನು ಪಾರವ್ವ ತೆಗೆದು, ಹಳೆಯ ಚೌಕಳಿ ಕಂಬಳಿ ಹಾಸಿದಳು. ಎದುರಿಗೆ ತಾನು ಕುಳಿತಳು. ಮೊಳದಷ್ಟು ದೂರ. ಅವನ ತೋರುಬೆರಳು ಹೆಬ್ಬೆರಳಿನ ನಡುವೆ ಒಂದು ಕೆಂಪು ರೇಷ್ಮೆ ಎಳೆಯ ತುದಿಯನ್ನು ಇಟ್ಟಳು, ಇನ್ನೊಂದು ತುದಿಯನ್ನು ತಾನು ಹಿಡಿದಳು.

“ಕಣ್ಣ ಮುಚ್ರಿ. ನಾ ಯಾವಾಗರೆ ಜಗ್ತೀನಿ. ಬಂದ್ರ ಜಗ್ರಿ. ಬರದಿದ್ರ ಸುಮ್ಮನಿರ್ರಿ. ಹೂಂ ಅಂದ್ರ ನೋಡ್ರಿ ಮತ್ತ.”

ತೈಬಾ ಕಂಬಕ್ಕೆ ಒರಗಿ, ಅಂಗೈಯಗಲದ ಪರದೆಯಲ್ಲಿ ಕಂಕಣದ ಅಳತೆಯನ್ನು ತೆರೆದಳು. ಯಾರೂ ಮಾತಾಡಲಿಲ್ಲ. ಬೀದಿಯಲ್ಲಿ ಎಲ್ಲೋ ಬೇರೆ ಮನೆಯ ಮಗ್ಗ ಬಡಿಯುತ್ತಿತ್ತು. ಈ ಮೌನಕ್ಕೂ ಆ ಕೋಣೆಯ ಮೌನಕ್ಕೂ ಎಷ್ಟು ಅಂತರ ಎಂದು ಕಳಕಪ್ಪನಿಗೆ ಅನಿಸಿತು. ಅಲ್ಲಿಯದನ್ನು ತುಂಬಲೇಬೇಕಿತ್ತು. ಇಲ್ಲಿಯದು ಮೊದಲೇ ತುಂಬಿಕೊಂಡಿತ್ತು.

ಪಾರವ್ವ ಜಗ್ಗಿದಳು. ಅವನ ಕೈ ಸುಮ್ಮನಿತ್ತು.

ತೈಬಾ ಅಳತೆಯನ್ನು ಸ್ವಲ್ಪ ಏರಿಸಿದಳು. ಪಾರವ್ವ ಮತ್ತೆ ಜಗ್ಗಿದಳು. ಕೈ ಸುಮ್ಮನೇ. ತೈಬಾ ಮತ್ತೆ ಏರಿಸಿದಳು. ಪಾರವ್ವ ಈ ಸಲ ಜಗ್ಗಲೇ ಇಲ್ಲ, ಕೈಯೂ ಸುಮ್ಮನಿತ್ತು. ತೈಬಾ ಅದನ್ನು ನೋಡಿ ತಲೆ ಆಡಿಸಿದಳು. ಅವಳ ಯಂತ್ರ ಮಾಡಲಾಗದ್ದನ್ನು ಆ ಎಳೆ ಮಾಡುತ್ತಿತ್ತು. ಹಾಗೆ ಏರುತ್ತ ಏರುತ್ತ ಹೋಯಿತು. ಪ್ರತಿ ಸಲ ಆ ಸುಕ್ಕುಗಟ್ಟಿದ ಎರಡು ಬೆರಳುಗಳು ಕಲ್ಲಿನಂತೆ ಇದ್ದಲ್ಲೇ ಇದ್ದವು. ಪಾರವ್ವನ ಹುಬ್ಬಿನ ನಡುವೆ ಬೆವರು ಮೂಡಿತು. ಇಷ್ಟು ದಿನ ಗೌರವ್ವನ ಎದುರು ನಗುತ್ತ ಕುಳಿತಿದ್ದವಳಿಗೆ ಈಗ ಭಯವಾಯಿತು. ಆ ಬೆರಳುಗಳ ಒಳಗೆ ಯಾರೂ ಇಲ್ಲದಿದ್ದರೆ?

ಆಗ ಕಳಕಪ್ಪನಿಗೆ ಏನೋ ಆಯಿತು. ಅದು ಹಳೆಯ ಜಗ್ಗುವಿಕೆಯಂತೆ ಇರಲಿಲ್ಲ. ದೂರದ ಹೊಲದ ಬದುವಿನಿಂದ ಯಾರೋ ಹೆಸರು ಹಿಡಿದು ಕೂಗಿದಂತೆ, ಗಾಳಿ ಅರ್ಧ ಹೆಸರನ್ನು ತಿಂದು ಅರ್ಧವನ್ನು ತಂದುಕೊಟ್ಟಂತೆ ಇತ್ತು. ಕೂಗಿದವರು ಯಾರೆಂದು ಮಾತ್ರ ಸಂಶಯವಿರಲಿಲ್ಲ. ಗೌರವ್ವ ಎಳೆ ಜಗ್ಗುವುದು ಎತ್ತಿನ ಹಗ್ಗ ಜಗ್ಗಿದಂತೆ. ಹೀಗೆ ಮೊದಲು ತುಸು ಸಡಿಲ ಬಿಟ್ಟು, ಆಮೇಲೆ ಜಗ್ಗುವವಳು ಲೋಕದಲ್ಲಿ ಒಬ್ಬಳೇ.

ಅವನು ಜಗ್ಗಿದ.

ಪಾರವ್ವ ಬೆಚ್ಚಿದಳು, ಮುಟ್ಟಿಸಿಕೊಂಡವಳಂತೆ. ಅವಳು ಬಾಯಿ ತೆರೆಯುವ ಮೊದಲೇ ತೈಬಾ ತುಟಿಗೆ ಬೆರಳಿಟ್ಟಳು, ಇನ್ನಷ್ಟು ಏರಿಸಿದಳು. ಈಗ ಪಾರವ್ವ ಜಗ್ಗಿದ್ದು ಅವನಿಗೆ ತಲುಪಲಿಲ್ಲ. ಕೈಯ ತುಂಬ ಜುಮು ಜುಮು ಎಂಬ ಗದ್ದಲ. ತೌಡು ಬಿದ್ದಿತ್ತು. ತೈಬಾ ಇಳಿಸಿದಳು. ಪಾರವ್ವ ಜಗ್ಗಿದಳು. ಅವನು ಜಗ್ಗಿದ. ಅವಳು ಸುಮ್ಮನಿದ್ದಳು. ಅವನೂ ಸುಮ್ಮನಿದ್ದ. ಅವಳು ಜಗ್ಗಿದಳು. ಅವನು ಜಗ್ಗಿದ.

“ಅಲ್ಲೇ ನಿಲ್ಲಿಸ್ರಿ,” ಎಂದ ಕಳಕಪ್ಪ, ಕಣ್ಣು ತೆರೆಯದೆ.

ತೈಬಾ ಅಳತೆಯನ್ನು ಅಲ್ಲಿಗೇ ಗಟ್ಟಿ ಮಾಡಿದಳು. ಆಮೇಲೆ ಹೇಳಬೇಕಾದದ್ದನ್ನು ಹೇಳಿದಳು. ಇದು ಕೈಯನ್ನು ವಾಸಿ ಮಾಡುವುದಿಲ್ಲ. ಹೋದ ನರ ಹೋದದ್ದೇ. ಉಳಿದದ್ದರ ಮಾತು ಕೇಳಿಸುವಂತೆ ಮಾಡುತ್ತದೆ, ಅಷ್ಟೇ. ಮಲಗುವಾಗ ಬಿಚ್ಚಿಡಬೇಕು, ಬಿಚ್ಚಿದ ಕೂಡಲೇ ಮತ್ತೆ ಜೋಮು. ಇನ್ನು ಮಷಿನ್ ಹಿಡಿದರೆ ಉಳಿದದ್ದೂ ಹೋಗುತ್ತದೆ, ಆಗ ಯಾವ ಕಂಕಣಕ್ಕೂ ಏನೂ ಮಾಡಲಾಗದು.

“ಕ್ವಾರಿಯಾಗ ಗೇಟಿನ ಕಡೆ ಕೆಲಸ ಕೊಡ್ತಾರಂತ. ಅಲ್ಲಿ ನಡುಕಿಲ್ಲ. ಆಗಬಹುದೇನು ಕಾಕಾ?”

ಕಳಕಪ್ಪ ಕಣ್ಣು ತೆರೆದ. ಪರೀಕ್ಷೆ ಮುಗಿದಿದೆ ಎಂದು ಅವನಿಗೆ ತಿಳಿದಿರಲಿಲ್ಲವೋ ಏನೋ, ಎಳೆಯನ್ನು ಇನ್ನೂ ಹಿಡಿದೇ ಇದ್ದ. ಪಾರವ್ವನೂ ಹಿಡಿದೇ ಇದ್ದಳು.

“ಆಗ್ತೈತ್ರಿ,” ಎಂದ. ಹೂಂ ಎನ್ನಲಿಲ್ಲ. ತೈಬಾ ಅದನ್ನು ಗಮನಿಸಿದಳು.

“ನಾಳೆ ಎಲ್ಲಾರಿಗೂ ಹಿಂಗ ನೋಡ್ತೀವಿ. ನನಗ ಒಂದಿಷ್ಟು ಎಳಿ ಕೊಡ್ರಿ ಕಾಕಿ. ಆ ಕೋಣಿಯ ಬಾಗಿಲಾ ತಗದ ಬಿಡ್ತೀವಿ. ಎಳಿ ಹಿಡಿಯಾಕ ಅವರವರ ಮನಿಯವ್ರನ್ನ ಕರಸ್ತೀವಿ.”

“ದಾವಲಣ್ಣಗ ಹೆಂಡ್ತೀನ ಕರಸಬ್ಯಾಡ್ರಿ,” ಎಂದಳು ಪಾರವ್ವ. “ಆಕಿ ಜಗ್ಗಿದ್ರ ಕೈ ಬ್ಯಾರೆ ಬರ್ತೈತಿ.”

ಅಷ್ಟರಲ್ಲಿ ಎಳೆ ಅಲುಗಿತು. ಎರಡು ಸಲ, ಚುರುಕಾಗಿ. ಪಾರವ್ವ ಗಂಡನ ಮುಖ ನೋಡಿದಳು. ಅವನು ಸೆರಗಿನ ಕಡೆ ನೋಡುತ್ತಿದ್ದ, ತನಗೇನೂ ಸಂಬಂಧವಿಲ್ಲದವನಂತೆ.

“ನೋಡ್ರಿ ಅಕ್ಕಾರ,” ಎಂದಳು ಪಾರವ್ವ ಏಳುತ್ತ, “ಕೈ ಬಂದು ಇನ್ನೂ ಗಳಿಗಿ ಆಗಿಲ್ಲ, ಚಾ ಬೇಕಾತು.”

ಅವಳು ಚಹಾ ಇಟ್ಟು ಬಂದಳು. ಚಹಾ ಕುಡಿದರು, ಕಳಕಪ್ಪ ಬಟ್ಟಲನ್ನು ಒಂದು ಸಲ ಎತ್ತಿ, ಸುಟ್ಟಿತೆಂದು ಕೆಳಗಿಟ್ಟು, ಆ ಸುಟ್ಟದ್ದನ್ನು ಬೆಲ್ಲದಂತೆ ಬೆರಳಲ್ಲೇ ಇಟ್ಟುಕೊಂಡು ಕುಳಿತ. ಆಮೇಲೆ ಇಬ್ಬರೂ ಅರ್ಧಕ್ಕೆ ನಿಂತ ಸೆರಗಿಗೆ ಕೈ ಹಚ್ಚಿದರು. ಅವನ ಬೆರಳು ಮೊದಮೊದಲು ತಡವರಿಸಿದವು, ಕೆಲವು ಎಳೆಗಳು ಜಾರಿದವು. ಪಾರವ್ವ ಅವಸರ ಮಾಡಲಿಲ್ಲ. ‘ತಗೋರಿ.’ ‘ಬಂತು.’ ‘ತಗೋರಿ.’ ‘ಬಂತು.’ ರೊಟ್ಟಿಯ ಹಿಟ್ಟು ಹಾಗೆಯೇ ಮೊರದಲ್ಲಿ ಕಾಯುತ್ತಿತ್ತು. ತೈಬಾಗೆ ಹಸಿವಾಗಿತ್ತು, ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಅವಳ ಪರದೆಯಲ್ಲಿ ಕಂಕಣಕ್ಕೆ ತಾಕಿದ ಪ್ರತಿಯೊಂದು ಜಗ್ಗುವಿಕೆಯೂ ಒಂದು ಸಣ್ಣ ಗೆರೆಯಾಗಿ ಮೂಡುತ್ತ ಹೋಗುತ್ತಿತ್ತು: ಒಂದು, ಒಂದು, ಒಂದು.

ಆಮೇಲೆ ಮೂರು ಗೆರೆಗಳು ಒಟ್ಟಿಗೇ ಮೂಡಿದವು.

ತೈಬಾ ತಲೆ ಎತ್ತಿದಳು. ಕಳಕಪ್ಪನ ಕೈ ನಿಂತಿತ್ತು. ಅವನ ಕಿವಿಯ ತುದಿಗಳು ಆ ರೇಷ್ಮೆಯಷ್ಟೇ ಕೆಂಪಾಗಿದ್ದವು.

“ಮೂರು ಸಲ ಜಗ್ಗಿದ್ರ ಏನು ಕಾಕಿ?”

“ಏನಿಲ್ಲವಾ,” ಎಂದಳು ಪಾರವ್ವ, ತಲೆ ಎತ್ತದೆ. “ಎಳಿ ಸಿಕ್ಕಾಗಿತ್ತು.”

“ಹೂಂ,” ಎಂದ ಕಳಕಪ್ಪ.

ಅದು ಯಾವ ಹೂಂ ಎಂದು ತೈಬಾ ಕೇಳಲಿಲ್ಲ. ಪರದೆಯನ್ನು ಮಡಿಲಲ್ಲಿ ಕವುಚಿ ಹಾಕಿ, ಬೀದಿಯ ಕಡೆ ನೋಡುತ್ತ ಕುಳಿತಳು.